ಬೆಳೆಯುವ ಮಕ್ಕಳಿಗೆ ಟ್ರೆಕಿಂಗ್ ಬ್ಯಾಗ್: ಒಂದು ಸೈಜ್ ದೊಡ್ಡದು ತಗೊಳ್ಳಬಹುದಾ?

ಮಲ್ಲೇಶ್ವರಂ_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ, ಆರನೇ ಕ್ಲಾಸು. ದಸರಾ ರಜೆಯಲ್ಲಿ ಸ್ಕೂಲಿನಿಂದ ಸಕಲೇಶಪುರದ ಕಡೆ ಎರಡು ರಾತ್ರಿಯ ಕ್ಯಾಂಪ್ ಇದೆ. ಬಸ್ಸಿಳಿದು ಐದಾರು ಕಿಲೋಮೀಟರ್ ಕಾಡುದಾರಿಯಲ್ಲಿ ನಡೆಯಬೇಕಂತೆ, ಅವರವರ ಸಾಮಾನು ಅವರವರೇ ಹೊರಬೇಕು. ಕಳಿಸಿರುವ ಪಟ್ಟಿಯಲ್ಲಿ "50–60 ಲೀಟರ್ ರಕ್‌ಸ್ಯಾಕ್" ಅಂತ ಬರೆದಿದ್ದಾರೆ.

ಭಾನುವಾರ ಒಂದು ಅಂಗಡಿಗೆ ಹೋಗಿದ್ದೆವು. ಅಲ್ಲಿನ ಹುಡುಗ 60 ಲೀಟರ್ ಬ್ಯಾಗನ್ನು ಅವಳ ಬೆನ್ನಿಗೆ ಹಾಕಿಸಿ, "ಬೆಳೆಯೋ ಮಕ್ಕಳು ಮೇಡಂ, ದೊಡ್ಡದೇ ತಗೊಳ್ಳಿ, ಕಾಲೇಜಿನವರೆಗೂ ಬರುತ್ತೆ" ಅಂದ. ಸೊಂಟದ ಬೆಲ್ಟ್ ಎಷ್ಟು ಬಿಗಿದರೂ ಜಾರಿ ತೊಡೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಅವಳು ಮೇಲೆ ನೋಡಲು ಹೋದರೆ ಬ್ಯಾಗ್ ತಲೆಗೆ ತಗಲುತ್ತಿತ್ತು. ತಗೊಳ್ಳದೆ ವಾಪಸ್ ಬಂದೆವು. ಮನೆಯಲ್ಲಿ ಅತ್ತೆಯವರೂ ದೊಡ್ಡದೇ ಇರಲಿ ಅನ್ನುತ್ತಿದ್ದಾರೆ.

ಅವಳ ತೂಕ 32 ಕೆಜಿ. 8 ವರ್ಷದ ತಮ್ಮನೂ ಇದ್ದಾನೆ, ಮುಂದೆ ಅವನಿಗೂ ಆದರೆ ಒಳ್ಳೆಯದು. ನಾಲ್ಕೈದು ಸಾವಿರದೊಳಗೆ ಏನು ತಗೊಳ್ಳಲಿ?

ವಿಜಯನಗರ_ಅಪ್ಪ
60 ಬೇಡ, 50 ತಗೊಳ್ಳಿ. ಎರಡೇ ವರ್ಷದಲ್ಲಿ ನೋಡನೋಡುತ್ತಾ ಎತ್ತರ ಆಗಿಬಿಡುತ್ತಾರೆ. ಈಗ ಚಿಕ್ಕದು ತಗೊಂಡರೆ ಎಂಟನೇ ಕ್ಲಾಸಿಗೆ ಮತ್ತೊಂದು. ಯೂನಿಫಾರಂ ತಗೊಳ್ಳುವಾಗ ಒಂದು ಸೈಜ್ ದೊಡ್ಡದೇ ನೋಡುತ್ತೇವೆ ಅಲ್ವಾ, ಇದೂ ಹಾಗೇ.

ಚಾರಣಿಗ_ಬಸವನಗುಡಿ
ಸರ್, ಇದು ಹಾಗಲ್ಲ. ಯೂನಿಫಾರಂ ಸಡಿಲ ಇದ್ದರೆ ಮಗುವಿಗೆ ನೋವಾಗುವುದಿಲ್ಲ. ಬ್ಯಾಗ್ ಸಡಿಲ ಇದ್ದರೆ ಭಾರವೆಲ್ಲ ಹೆಗಲ ಮೇಲೆ ಬೀಳುತ್ತದೆ.

ಟ್ರೆಕಿಂಗ್ ಬ್ಯಾಗಿನಲ್ಲಿ ಭಾರದ ಹೆಚ್ಚು ಪಾಲು ಹೊರಬೇಕಾದದ್ದು ಸೊಂಟ. ಬೆಲ್ಟ್ ಸೊಂಟದ ಮೂಳೆಯ ಮೇಲೆ ಕೂತಿದ್ದರೆ ಮಾತ್ರ ಆ ಕೆಲಸ ಆಗುತ್ತದೆ. ಬ್ಯಾಗಿನ ಬೆನ್ನು ಮಗುವಿನ ಬೆನ್ನಿಗಿಂತ ಉದ್ದ ಇದ್ದರೆ ಬೆಲ್ಟ್ ಮೂಳೆಗಿಂತ ಕೆಳಗೆ ಇಳಿಯುತ್ತದೆ. ಅಂಗಡಿಯಲ್ಲಿ ನಿಮ್ಮ ಮಗಳಿಗೆ ಆಗಿದ್ದು ಅದೇ. ಮೇಲೆ ಹೆಗಲ ಪಟ್ಟಿಗೂ ಹೆಗಲಿಗೂ ನಡುವೆ ಸಂದು ಬೀಳುತ್ತದೆ, ಬ್ಯಾಗ್ ಹಿಂದಕ್ಕೆ ಎಳೆಯುತ್ತದೆ, ಮಗು ಮುಂದಕ್ಕೆ ಬಗ್ಗಿ ನಡೆಯುತ್ತದೆ. ಬೆಟ್ಟ ಇಳಿಯುವಾಗ ಇದು ಅಪಾಯ ಕೂಡ.

ಹಾಗಾಗಿ ವಯಸ್ಸು, ಎತ್ತರ, ಲೀಟರ್ ಎಲ್ಲ ಆಮೇಲೆ. ಮೊದಲು ಬೆನ್ನು ಅಳೆಯಿರಿ. ಟೈಲರ್ ಟೇಪ್ ಇದ್ದರೆ ಸಾಕು. ಮಗಳಿಗೆ ತಲೆ ಬಗ್ಗಿಸಲು ಹೇಳಿ, ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಅಲ್ಲಿಂದ ಶುರು. ಆಮೇಲೆ ಅವಳ ಎರಡೂ ಕೈಯನ್ನು ಸೊಂಟದ ಮೇಲೆ ಇಡಿಸಿ, ಹೆಬ್ಬೆರಳು ಹಿಂದಕ್ಕೆ ಇರಲಿ. ಎರಡು ಹೆಬ್ಬೆರಳಿನ ನಡುವೆ ಅಡ್ಡಗೆರೆ ಎಳೆದ ಹಾಗೆ ಅಂದುಕೊಳ್ಳಿ, ಅದು ಬೆನ್ನುಮೂಳೆಯನ್ನು ಎಲ್ಲಿ ದಾಟುತ್ತದೋ ಅಲ್ಲಿಯವರೆಗೆ ಅಳತೆ. ಟೇಪ್ ಬೆನ್ನಿನ ಡೊಂಕನ್ನೇ ಹಿಡಿದು ಇಳಿಯಬೇಕು. ಅಳೆದು ಇಲ್ಲಿ ಬರೆಯಿರಿ.

ಕಾಡುಮಲ್ಲಿಗೆ
+1. ಬೆನ್ನಿನ ಅಳತೆ ಮುಖ್ಯ. ಒಂದೇ ಎತ್ತರದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರುತ್ತದೆ.

ಮಲ್ಲೇಶ್ವರಂ_ಅಮ್ಮ
ಅಳೆದೆ. 37 ಸೆಂ.ಮೀ. ಬಂತು. ತಮ್ಮನದು 32. ಇದಕ್ಕೆ ಯಾವುದು ಸರಿ ಹೋಗುತ್ತದೆ?

ಚಾರಣಿಗ_ಬಸವನಗುಡಿ
ದೊಡ್ಡವರ ಬ್ಯಾಗಿನ ಚಿಕ್ಕ ಸೈಜು ಸಾಮಾನ್ಯವಾಗಿ 40 ಸೆಂ.ಮೀ. ಆಸುಪಾಸಿನಿಂದ ಶುರುವಾಗುತ್ತದೆ. ಅಂದರೆ ಈಗ ಅವಳಿಗೆ ಮಕ್ಕಳಿಗೆಂದೇ ಮಾಡಿದ ಬ್ಯಾಗೇ ಬೇಕು. ಅದರಲ್ಲೂ ಬೆನ್ನಿನ ಉದ್ದ ಹೆಚ್ಚುಕಡಿಮೆ ಮಾಡಲು ಬರುವಂಥದ್ದನ್ನು ನೋಡಿ. ಹೆಗಲ ಪಟ್ಟಿ ಬೆನ್ನಿನ ಕಡೆ ವೆಲ್ಕ್ರೋ ಮೇಲೋ ಏಣಿಯಂಥ ಪಟ್ಟಿಯ ಮೇಲೋ ಕೂತಿರುತ್ತದೆ. ಕಿತ್ತು ಒಂದು ಮೆಟ್ಟಿಲು ಮೇಲೆ ಕೂರಿಸಿದರೆ ಬ್ಯಾಗ್ ಅಷ್ಟು ಉದ್ದವಾಯಿತು. ಮಗು ಬೆಳೆದ ಹಾಗೆ ಬ್ಯಾಗೂ ಬೆಳೆಯುತ್ತದೆ, ನಿಮ್ಮ ಅತ್ತೆಯವರ ಮಾತೂ ಉಳಿಯುತ್ತದೆ.

ಡಾಯ್ಟರ್ ಕಂಪನಿಯ ಫಾಕ್ಸ್, ಆಸ್ಪ್ರೇ ಕಂಪನಿಯ ಏಸ್, ಈ ಎರಡು ಮಕ್ಕಳ ಬ್ಯಾಗೂ ಹಾಗೆ ಹೊಂದಿಸಲು ಬರುತ್ತವೆ. ಆದರೆ ನಿಮ್ಮ ಬಜೆಟ್ಟಿಗೆ ಜಾಸ್ತಿ ಆಗಬಹುದು. ಡೆಕಾಥ್ಲಾನ್‌ನಲ್ಲಿ ಮಕ್ಕಳ ವಿಭಾಗ ನೋಡಿ. ಯಾವ ಕಂಪನಿಯದಾದರೂ ಚೀಟಿಯಲ್ಲಿ ಬೆನ್ನಿನ ಉದ್ದ ಎಷ್ಟರಿಂದ ಎಷ್ಟರವರೆಗೆ ಅಂತ ಓದಿ. 37 ಆ ಲೆಕ್ಕದ ಕೆಳತುದಿಯ ಹತ್ತಿರ ಬಂದರೆ ಮೇಲಕ್ಕೆ ಜಾಗ ಉಳಿಯುತ್ತದೆ. 37 ಮೇಲಿನ ತುದಿಯಲ್ಲಿದ್ದರೆ ಬಿಟ್ಟುಬಿಡಿ, ಮುಂದಿನ ವರ್ಷಕ್ಕೇ ಚಿಕ್ಕದಾಗುತ್ತದೆ.

ವಿಜಯನಗರ_ಅಪ್ಪ
ಸರಿ, ಬೆನ್ನಿನ ಅಳತೆ ಒಪ್ಪಿದೆ. ಆದರೆ 50 ಲೀಟರಿನಲ್ಲೂ ಬೆನ್ನು ಹೊಂದಿಸುವ ಮಕ್ಕಳ ಬ್ಯಾಗ್ ಸಿಗುತ್ತದೆ ಅಲ್ವಾ? ಅದನ್ನು ತಗೊಂಡರೆ ಏನು ತೊಂದರೆ? ಜಾಗ ಮಿಕ್ಕಿದರೆ ಖಾಲಿ ಬಿಟ್ಟರಾಯಿತು.

ಸ್ಕೌಟ್_ಮೇಷ್ಟ್ರು
ಖಾಲಿ ಬಿಡುವುದಿಲ್ಲ ಸರ್, ಅದೇ ತೊಂದರೆ. ಜಾಗ ಇದ್ದರೆ ತುಂಬುತ್ತಾರೆ. ಮಕ್ಕಳನ್ನು ಕೊಂಡಜ್ಜಿಯ ಸ್ಕೌಟ್ ಕ್ಯಾಂಪಿಗೆ ಕರೆದುಕೊಂಡು ಹೋಗುವವನಾಗಿ ಹೇಳುತ್ತಿದ್ದೇನೆ. ಚೀಲ ಬಿಚ್ಚಿದರೆ ಪೂರ್ತಿ ಶಾಂಪೂ ಬಾಟಲಿ, ಎರಡು ಜೊತೆ ಜೀನ್ಸ್, ಒಂದು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ಕೋಡುಬಳೆ. ತುಂಬಿದವರು ಅಪ್ಪ ಅಮ್ಮ, ಹೊರುವುದು ಮಗು.

ಎರಡು ರಾತ್ರಿಗೆ 30ರಿಂದ 40 ಲೀಟರ್ ಧಾರಾಳ ಸಾಕು. 50–60 ಅನ್ನುವುದು ದೊಡ್ಡವರ ಪಟ್ಟಿ. ಟೆಂಟು, ಒಲೆ, ಪಾತ್ರೆ, ನಾಲ್ಕೈದು ದಿನದ ಊಟ ಹೊರುವವರಿಗೆ ಬರೆದದ್ದು. ಮೇಡಂ, ಮೊದಲು ಸ್ಕೂಲಿಗೆ ಫೋನ್ ಮಾಡಿ. ಟೆಂಟ್ ಯಾರು ತರುತ್ತಾರೆ, ಮ್ಯಾಟ್ ಅಲ್ಲೇ ಕೊಡುತ್ತಾರಾ, ಸ್ಲೀಪಿಂಗ್ ಬ್ಯಾಗ್ ನಾವೇ ತರಬೇಕಾ, ದಾರಿಯಲ್ಲಿ ನೀರು ಸಿಗುತ್ತದಾ. ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಗದೆ ಬ್ಯಾಗ್ ತಗೊಳ್ಳಲೇಬೇಡಿ.

ಫಿಸಿಯೋ_ಜಯನಗರ
ತೂಕದ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳು ಹೊರುವ ಭಾರ ಅವರ ಮೈತೂಕದ 10ರಿಂದ 15 ಪರ್ಸೆಂಟ್ ದಾಟದೆ ಇರುವುದು ಒಳ್ಳೆಯದು. 32 ಕೆಜಿ ಹುಡುಗಿಗೆ ಅದು 3.2ರಿಂದ 4.8 ಕೆಜಿ. ಇದರಲ್ಲಿ ಬ್ಯಾಗಿನ ಸ್ವಂತ ತೂಕವೂ ಸೇರಿತು, ನೀರೂ ಸೇರಿತು.

ಈಗ ಲೆಕ್ಕ ಹಾಕಿ. ದೊಡ್ಡವರ 60 ಲೀಟರ್ ಬ್ಯಾಗ್ ಖಾಲಿ ಇದ್ದಾಗಲೇ ಎರಡು ಕೆಜಿ ತೂಗಬಹುದು. ಒಂದು ಲೀಟರ್ ನೀರು ಒಂದು ಕೆಜಿ. ಮೂರು ಕೆಜಿ ಅಲ್ಲಿಗೇ ಮುಗಿಯಿತು, ಇನ್ನೂ ಬಟ್ಟೆಯೇ ಇಟ್ಟಿಲ್ಲ. ಅದಕ್ಕೇ ಬ್ಯಾಗ್ ಖಾಲಿ ತೂಕ ಒಂದು ಕೆಜಿಯ ಆಸುಪಾಸಿನಲ್ಲಿ ಇರಲಿ.

ಹೊತ್ತು ನಡೆಯುವಾಗ ಕೈ ಜೋಮು ಹಿಡಿಯುವುದು, ಪಟ್ಟಿ ಇದ್ದ ಜಾಗದಲ್ಲಿ ಕೆಂಪು ಗೆರೆ ಮೂಡುವುದು, ಹೆಬ್ಬೆರಳನ್ನು ಪಟ್ಟಿಯೊಳಗೆ ತೂರಿಸಿ ಎತ್ತಿ ಹಿಡಿಯುತ್ತಾ ನಡೆಯುವುದು, ಇವು ಕಂಡರೆ ಅಲ್ಲೇ ನಿಲ್ಲಿಸಿ ಭಾರ ಇಳಿಸಬೇಕು. ಎಷ್ಟೋ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಗೆಳತಿಯರು ಹೊರುತ್ತಿದ್ದಾರೆ, ನಾನೂ ಹೊರಬೇಕು ಅಂತ ಸುಮ್ಮನೆ ನಡೆಯುತ್ತಾರೆ.

ನಾಗರಬಾವಿ_ಟೀಚರ್
ಹಾಗಾದರೆ ದಿನಾ ಹೊರುವ ಸ್ಕೂಲ್ ಬ್ಯಾಗಿನ ಕಥೆ ಏನು? 2019ರಲ್ಲೇ ನಮ್ಮ ರಾಜ್ಯದಲ್ಲಿ ಆದೇಶ ಆಗಿದೆ. 1–2ನೇ ತರಗತಿಗೆ 1.5ರಿಂದ 2 ಕೆಜಿ, 3ರಿಂದ 5ಕ್ಕೆ 2–3 ಕೆಜಿ, 6ರಿಂದ 8ಕ್ಕೆ 3–4 ಕೆಜಿ, 9–10ಕ್ಕೆ 4–5 ಕೆಜಿ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ ಅಂತಲೂ ಇದೆ. ಕ್ಯಾಂಪಿಗೆ ಇಷ್ಟು ಯೋಚಿಸುವ ನಾವು ಆರನೇ ಕ್ಲಾಸಿನ ಮಗುವಿನ ದಿನದ ಬ್ಯಾಗನ್ನು ಒಮ್ಮೆಯಾದರೂ ತೂಕಕ್ಕೆ ಹಾಕಿದ್ದೇವಾ?

ವಿಜಯನಗರ_ಅಪ್ಪ
ಟೀಚರ್ ಹೇಳಿದ ಮೇಲೆ ಈಗ ತೂಗಿ ನೋಡಿದೆ. ಎಂಟನೇ ಕ್ಲಾಸಿನ ಮಗನ ಬ್ಯಾಗ್ 7 ಕೆಜಿ ಇದೆ. ಪಿಟಿಎ ಮೀಟಿಂಗಿನಲ್ಲಿ ಎತ್ತಲೇಬೇಕಾದ ವಿಷಯ.

ಕಾಡುಮಲ್ಲಿಗೆ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಟೀಚರ್, ನಾನೂ ಬರುತ್ತೇನೆ. ಇಲ್ಲಿ ಕ್ಯಾಂಪ್ ಬ್ಯಾಗ್ ಮಾತಾಡೋಣ.

ಮಲ್ಲೇಶ್ವರಂ_ಅಮ್ಮ
ಫೋನ್ ಮಾಡಿದೆ ಮೇಷ್ಟ್ರೇ. ಟೆಂಟು, ಮ್ಯಾಟು, ಅಡುಗೆ ಎಲ್ಲ ಕ್ಯಾಂಪ್ ಜಾಗದಲ್ಲೇ ಇದೆಯಂತೆ. ಸ್ಲೀಪಿಂಗ್ ಬ್ಯಾಗ್ ಮಾತ್ರ ನಾವು ಕೊಡಬೇಕು. ದಾರಿಯಲ್ಲಿ ಒಂದು ಕಡೆ ನೀರು ತುಂಬಿಸುತ್ತಾರಂತೆ. 50–60 ಲೀಟರ್ ಯಾಕೆ ಅಂತ ಕೇಳಿದ್ದಕ್ಕೆ ಕ್ಯಾಂಪ್ ನಡೆಸುವವರು ಎಲ್ಲರಿಗೂ ಕಳಿಸುವ ಪಟ್ಟಿ ಅದು, ಚಿಕ್ಕದಾದರೂ ನಡೆಯುತ್ತದೆ ಅಂದರು.

ಸ್ಕೌಟ್_ಮೇಷ್ಟ್ರು
ನೋಡಿ, ಅರ್ಧ ಸಮಸ್ಯೆ ಮುಗಿಯಿತು. ಸ್ಲೀಪಿಂಗ್ ಬ್ಯಾಗ್ ಹಗುರದ್ದು ಸಾಕು, ಅಕ್ಟೋಬರ್‌ನಲ್ಲಿ ಅಲ್ಲಿ ಹಿಮಾಲಯದ ಚಳಿ ಇರುವುದಿಲ್ಲ. ಅದು ಬ್ಯಾಗಿನ ತಳಕ್ಕೆ. ಭಾರದ ವಸ್ತು, ಅಂದರೆ ನೀರು, ತಿಂಡಿ ಡಬ್ಬಿ, ಬೆನ್ನಿಗೆ ಅಂಟಿಕೊಂಡ ಹಾಗೆ ನಡುವಿನಲ್ಲಿ. ಬಟ್ಟೆ ಅದರ ಸುತ್ತ. ರೈನ್‌ಕೋಟ್, ಟಾರ್ಚ್ ಎಲ್ಲಕ್ಕಿಂತ ಮೇಲೆ. ಭಾರವನ್ನು ಬೆನ್ನಿನಿಂದ ದೂರ, ಹೊರಗಿನ ಜೇಬಿಗೆ ಹಾಕಿದರೆ ಅಷ್ಟೇ ತೂಕ ಜಾಸ್ತಿ ಅನಿಸುತ್ತದೆ. ಪ್ಯಾಕ್ ಮಾಡುವುದು ಮಗಳೇ ಮಾಡಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಕತ್ತಲಲ್ಲಿ ಟಾರ್ಚ್ ಎಲ್ಲಿದೆ ಅಂತ ಅವಳಿಗೇ ಗೊತ್ತಿರಬೇಕು.

ಮಲೆನಾಡಿನವಳು
ನಮ್ಮೂರು ಸಕಲೇಶಪುರದ ಹತ್ತಿರವೇ, ಈಗ ಇರುವುದು ಹೆಬ್ಬಾಳದಲ್ಲಿ. ಅಕ್ಕ, ದಸರಾ ಹೊತ್ತಿಗೂ ಅಲ್ಲಿ ಮಳೆ ಬರುತ್ತದೆ. ಬ್ಯಾಗಿನ ಮೇಲೆ ಹಾಕುವ ರೈನ್ ಕವರ್ ಒಂದನ್ನೇ ನಂಬಬೇಡಿ. ಕವರ್ ಹೊರಭಾಗ ಮುಚ್ಚುತ್ತದೆ, ಬೆನ್ನಿನ ಕಡೆ ತೆರೆದೇ ಇರುತ್ತದೆ. ಕತ್ತಿನಿಂದ ಇಳಿದ ನೀರು ಆ ಕಡೆಯಿಂದ ಒಳಗೆ ಹೋಗುತ್ತದೆ. ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು, ಸ್ಲೀಪಿಂಗ್ ಬ್ಯಾಗೂ ಬಟ್ಟೆಯೂ ಅದರೊಳಗೆ ಇಟ್ಟು, ಬಾಯಿ ತಿರುಚಿ ಮಡಚಿ. ಆ ಚೀಲ ಮನೆಗೆ ವಾಪಸ್ ಬರಬೇಕು, ಕಾಡಲ್ಲಿ ಬಿಡುವ ಹಾಗಿಲ್ಲ.

ಮತ್ತೆ ಇಂಬಳ, ಅಂದರೆ ಕಾಡಿನ ಜಿಗಣೆ. ಉದ್ದ ಸಾಕ್ಸ್ ಒಳಗೆ ಪ್ಯಾಂಟ್ ತೂರಿಸಿ ಕಳಿಸಿ. ದಾರಿ ಪಕ್ಕ ಬ್ಯಾಗ್ ಹುಲ್ಲಿನ ಮೇಲೆ ಇಟ್ಟರೆ ಪಟ್ಟಿ ಹಿಡಿದು ಹತ್ತಿಬಿಡುತ್ತವೆ, ಕಲ್ಲಿನ ಮೇಲೆ ಇಡಲು ಹೇಳಿ.

ಕೋರಮಂಗಲ_ಟೆಕ್ಕಿ
ಇಂಬಳಕ್ಕೆ ಉಪ್ಪು ಬೆಸ್ಟ್. ಒಂದು ಪೊಟ್ಟಣ ಕೊಟ್ಟು ಕಳಿಸಿ.

ಮಲೆನಾಡಿನವಳು
ಉಪ್ಪಿಗಿಂತ ನಮ್ಮ ಕಡೆ ನಶ್ಯ, ಸುಣ್ಣ ಹಚ್ಚುತ್ತಾರೆ. ಆದರೆ ಮಕ್ಕಳಿಗೆ ಏನೂ ಬೇಡ. ಕಚ್ಚಿಕೊಂಡಿದ್ದರೆ ಎಳೆಯಬಾರದು, ಬಾಯಿ ಅಂಟಿದ ಜಾಗಕ್ಕೆ ಉಗುರು ಓರೆಯಾಗಿ ಕೊಟ್ಟು ಜಾರಿಸಿದರೆ ಬಿಡುತ್ತದೆ. ಆಮೇಲೆ ಸ್ವಲ್ಪ ಹೊತ್ತು ರಕ್ತ ಬರುತ್ತಲೇ ಇರುತ್ತದೆ, ಯಾಕೆಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ. ಇದನ್ನು ಮೊದಲೇ ಹೇಳಿ ಕಳಿಸಿ. ಗೊತ್ತಿಲ್ಲದ ಮಗು ರಕ್ತ ನೋಡಿ ಹೆದರುತ್ತದೆ, ಗೊತ್ತಿರುವ ಮಗು ಒರೆಸಿಕೊಂಡು ನಡೆಯುತ್ತದೆ.

ಕೋರಮಂಗಲ_ಟೆಕ್ಕಿ
ಬ್ಯಾಗ್ ವಿಷಯಕ್ಕೆ ಬರೋಣ. ವರ್ಷಕ್ಕೊಂದು ಕ್ಯಾಂಪ್ ಅಂದರೆ ಕೊಳ್ಳುವುದೇ ಯಾಕೆ? ಬೆಂಗಳೂರಲ್ಲಿ ಟ್ರೆಕಿಂಗ್ ಸಾಮಾನು ಬಾಡಿಗೆಗೆ ಕೊಡುವವರು ಬೇಕಾದಷ್ಟು ಇದ್ದಾರೆ. ಎರಡು ಮೂರು ದಿನಕ್ಕೆ ತಗೊಳ್ಳಿ, ವಾಪಸ್ ಕೊಡಿ. ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಚಾರಣಿಗ_ಬಸವನಗುಡಿ
ಸ್ಲೀಪಿಂಗ್ ಬ್ಯಾಗಿಗೆ ಬಾಡಿಗೆ ಸರಿ. ಒಳಗೆ ಹಾಸಲು ಒಂದು ಹತ್ತಿ ಬೆಡ್‌ಶೀಟ್ ಹೊಲಿಸಿ ಕೊಟ್ಟರೆ ಚೊಕ್ಕಟ. ಬೆನ್ನಿನ ಬ್ಯಾಗಿಗೆ ನಾನು ಒಪ್ಪಲ್ಲ. ಬಾಡಿಗೆಗೆ ಇಟ್ಟಿರುವುದು ಬಹುತೇಕ ದೊಡ್ಡವರ 50–60 ಲೀಟರ್ ಬ್ಯಾಗ್‌ಗಳು. ಮಕ್ಕಳ ಬೆನ್ನಿನ ಅಳತೆಯದು ಸಿಗುವುದು ಕಷ್ಟ. ಸಿಕ್ಕರೂ ಹೊರಡುವ ಹಿಂದಿನ ದಿನ ಕೈಗೆ ಬರುತ್ತದೆ, ಹೊತ್ತು ಅಭ್ಯಾಸ ಮಾಡಲು ಸಮಯವೇ ಇಲ್ಲ.

ಕೋರಮಂಗಲ_ಟೆಕ್ಕಿ
ಎರಡು ರಾತ್ರಿಗೆ ಅಭ್ಯಾಸ ಯಾಕೆ ಬೇಕು?

ಚಾರಣಿಗ_ಬಸವನಗುಡಿ
ಬಕಲ್ ಎಲ್ಲಿ, ಯಾವ ಪಟ್ಟಿ ಎಳೆದರೆ ಏನಾಗುತ್ತದೆ ಅಂತ ಮಗುವಿಗೇ ಗೊತ್ತಿರಬೇಕು. ಮೂವತ್ತು ಮಕ್ಕಳ ಗುಂಪಿನಲ್ಲಿ ಒಬ್ಬೊಬ್ಬರ ಪಟ್ಟಿ ಸರಿಮಾಡಲು ಟೀಚರ್‌ಗೆ ಆಗುವುದಿಲ್ಲ. ಬ್ಯಾಗ್ ತಂದ ಮೇಲೆ ಅಷ್ಟೇ ಸಾಮಾನು ಹಾಕಿ ತುರಹಳ್ಳಿ ಕಾಡಿನಲ್ಲೋ, ನಂದಿಬೆಟ್ಟದ ಮೆಟ್ಟಿಲ ದಾರಿಯಲ್ಲೋ ಒಂದು ಬೆಳಿಗ್ಗೆ ನಡೆಸಿ. ಎಲ್ಲಿ ಉಜ್ಜುತ್ತದೆ, ಎಲ್ಲಿ ಒತ್ತುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಯಲಹಂಕ_ತಾತ
ಮಕ್ಕಳೇ, ಬ್ಯಾಗ್ ತಗೊಳ್ಳುವಾಗ ಜಿಪ್ಪು, ಬಕಲ್, ಹೊಲಿಗೆ ಈ ಮೂರನ್ನು ನೋಡಿ. ಅಕ್ಕನಿಂದ ತಮ್ಮನಿಗೆ ಬರಬೇಕು ಅಂದರೆ ಇವು ಉಳಿಯಬೇಕು. ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಹೊಲಿಗೆ ಅಡ್ಡ ಉದ್ದ ಎರಡೂ ಕಡೆ ಗಟ್ಟಿಯಾಗಿ ಬಿದ್ದಿದೆಯಾ ನೋಡಿ, ಭಾರ ಬೀಳುವುದು ಅಲ್ಲೇ. ಜಿಪ್ ಕೆಟ್ಟರೆ ಬ್ಯಾಗ್ ಎಸೆಯಬೇಡಿ. ಎಷ್ಟೋ ಸಲ ಜಿಪ್ಪಿನ ಹಲ್ಲು ಸರಿಯಾಗೇ ಇರುತ್ತದೆ, ರನ್ನರ್ ಸವೆದಿರುತ್ತದೆ. ರನ್ನರ್ ಬದಲಾಯಿಸಿದರೆ ಹೊಸದರ ಹಾಗೆ ಓಡುತ್ತದೆ. ಚಿಕ್ಕಪೇಟೆ ಕಡೆ ಹೋದರೆ ರನ್ನರೂ ಬಕಲೂ ಬಿಡಿಬಿಡಿಯಾಗಿ ಸಿಗುತ್ತವೆ. ನಮ್ಮ ಮನೆಯ ಒಂದು ಬ್ಯಾಗನ್ನು ಮೊಮ್ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಹೊರುತ್ತಿದ್ದಾರೆ.

ಮಲ್ಲೇಶ್ವರಂ_ಅಮ್ಮ
ತುಂಬಾ ಉಪಯೋಗ ಆಯಿತು ತಾತ. ಶನಿವಾರ ಮತ್ತೆ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಹಾಕಿ ನೋಡುವಾಗ ಸರಿ ಇದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಬೆನ್ನಿಗೆ ಹಾಕಿದ ತಕ್ಷಣ ಮಗಳು ಎಲ್ಲದಕ್ಕೂ "ಚೆನ್ನಾಗಿದೆ" ಅನ್ನುತ್ತಾಳೆ, ಬಣ್ಣ ಹಿಡಿಸಿದ್ದರೆ ಅಷ್ಟೇ ಸಾಕು ಅವಳಿಗೆ.

ಚಾರಣಿಗ_ಬಸವನಗುಡಿ
ಖಾಲಿ ಬ್ಯಾಗ್ ಯಾವುದಾದರೂ ಚೆನ್ನಾಗೇ ಇರುತ್ತದೆ. ಮನೆಯಿಂದ ಒಂದೊಂದು ಕೆಜಿಯ ಅಕ್ಕಿ ಪ್ಯಾಕೆಟ್ ಮೂರು ತಗೊಂಡು ಹೋಗಿ, ಟವೆಲ್‌ನಲ್ಲಿ ಸುತ್ತಿ ಬ್ಯಾಗಿನ ನಡುವಿನಲ್ಲಿ ಇಡಿ. ಎಲ್ಲಾ ಪಟ್ಟಿ ಸಡಿಲ ಮಾಡಿ ಹಾಕಿಸಿ. ಮೊದಲು ಸೊಂಟದ ಬೆಲ್ಟ್. ಬೆಲ್ಟಿನ ನಡುಭಾಗ ಸೊಂಟದ ಮೂಳೆಯ ಮೇಲೇ ಬರಬೇಕು. ಹೊಟ್ಟೆಯ ಮೇಲೆ ಕೂತರೆ ಉಸಿರಾಟಕ್ಕೆ ತೊಂದರೆ. ಪೂರ್ತಿ ಬಿಗಿದ ಮೇಲೂ ಬೆಲ್ಟ್ ಸಡಿಲ ಇದ್ದರೆ ಆ ಬ್ಯಾಗ್ ಅವಳದಲ್ಲ. ಸಣ್ಣ ನಡುವಿನ ಮಕ್ಕಳಲ್ಲಿ ಇದು ಜಾಸ್ತಿ ಆಗುತ್ತದೆ.

ಆಮೇಲೆ ಹೆಗಲ ಪಟ್ಟಿ ಎಳೆಯಿರಿ. ಪಟ್ಟಿ ಹೆಗಲ ಮೇಲಿಂದ ಸುತ್ತಿ ಬೆನ್ನಿಗೆ ಅಂಟಿಕೊಂಡಿರಬೇಕು, ನಡುವೆ ಬೆರಳು ಹೋಗುವಷ್ಟು ಸಂದು ಕಂಡರೆ ಬೆನ್ನಿನ ಉದ್ದ ಒಂದು ಮೆಟ್ಟಿಲು ಕಡಿಮೆ ಮಾಡಿ. ಕೆಲವು ಬ್ಯಾಗಿನಲ್ಲಿ ಹೆಗಲ ಮೇಲಿಂದ ಬ್ಯಾಗಿನ ತುದಿಗೆ ಹೋಗುವ ಸಣ್ಣ ಪಟ್ಟಿ ಇರುತ್ತದೆ, ಅದನ್ನು ಸ್ವಲ್ಪ ಎಳೆದರೆ ಬ್ಯಾಗ್ ಬೆನ್ನಿಗೆ ಹತ್ತಿರ ಬರುತ್ತದೆ. ಕೊನೆಗೆ ಎದೆ ಪಟ್ಟಿ. ಅದು ಕಂಕುಳಿನ ಎತ್ತರಕ್ಕೆ ಇರಲಿ, ಕುತ್ತಿಗೆಗೆ ತಾಗಬಾರದು. ಆ ಬಕಲ್‌ನಲ್ಲಿ ವಿಶಲ್ ಇದೆಯಾ ನೋಡಿ, ಹಲವು ಬ್ಯಾಗಿನಲ್ಲಿ ಇರುತ್ತದೆ. ದಾರಿ ತಪ್ಪಿದರೆ ಮೂರು ಸಲ ಊದಬೇಕು ಅಂತ ಕಲಿಸಿ.

ಹೀಗೆ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಅಂಗಡಿಯಲ್ಲೇ ಓಡಾಡಲಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಲಿ, ಕೂತು ಏಳಲಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ. "ಭಾರ ಎಲ್ಲಿ ಅನಿಸುತ್ತಿದೆ, ಹೆಗಲಿಗೋ ಸೊಂಟಕ್ಕೋ" ಅಂತ ಕೇಳಿ. ಸೊಂಟಕ್ಕೆ ಅಂದರೆ ಸರಿ.

ಫಿಸಿಯೋ_ಜಯನಗರ
ಕೊನೆಯ ಪ್ರಶ್ನೆ ತುಂಬಾ ಸರಿ. ಅದನ್ನೇ ಕೇಳಿ.

ಮಲ್ಲೇಶ್ವರಂ_ಅಮ್ಮ
ಹೋಗಿ ಬಂದೆವು. ಅಕ್ಕಿ ಪ್ಯಾಕೆಟ್ ತೆಗೆದಾಗ ಅಂಗಡಿಯವರು ಏನೂ ಅನ್ನಲಿಲ್ಲ, ಅವರೇ ನಿಂತು ಪಟ್ಟಿ ಹೊಂದಿಸಿಕೊಟ್ಟರು. ಬೆನ್ನಿನ ಉದ್ದ ಹೊಂದಿಸಲು ಬರುವ 35 ಲೀಟರಿನದು ತಗೊಂಡೆವು. ಖಾಲಿ ತೂಕ 1 ಕೆಜಿ 100 ಗ್ರಾಂ. ಬಜೆಟ್ ಸ್ವಲ್ಪ ದಾಟಿತು. ಮೊದಲು ಮಗಳು ಹೆಗಲಿಗೆ ಭಾರ ಅಂದಳು. ವೆಲ್ಕ್ರೋ ಕಿತ್ತು ಒಂದು ಮೆಟ್ಟಿಲು ಕೆಳಗೆ ಕೂರಿಸಿದ ಮೇಲೆ "ಈಗ ಇಲ್ಲಿ" ಅಂತ ಸೊಂಟ ಮುಟ್ಟಿ ತೋರಿಸಿದಳು. ಇನ್ನೂ ಮೂರು ಮೆಟ್ಟಿಲು ಮೇಲಕ್ಕೆ ಇದೆ. ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಹೇಳಿದ್ದೇವೆ.

ತಮ್ಮ ಈಗ ತನಗೂ ಬೇಕು ಅಂತ ಹಠ ಹಿಡಿದಿದ್ದಾನೆ. 8 ವರ್ಷಕ್ಕೆ ಏನು ಕೊಡಿಸಲಿ?

ಸ್ಕೌಟ್_ಮೇಷ್ಟ್ರು
ಅವನಿಗೆ 10–15 ಲೀಟರಿನ ಮಕ್ಕಳ ಡೇಪ್ಯಾಕ್, ಅಂದರೆ ಒಂದು ದಿನದ ಓಡಾಟದ ಚಿಕ್ಕ ಬ್ಯಾಗ್, ಸಾಕು. ಎದೆ ಪಟ್ಟಿ ಇರಲಿ. ಅವನ ನೀರು, ಅವನ ತಿಂಡಿ, ಅವನ ಜರ್ಕಿನ್ ಅಷ್ಟೇ. ಮಾಕಳಿದುರ್ಗಕ್ಕೋ ಶಿವಗಂಗೆಗೋ ಹೋಗುವಾಗ ಅದನ್ನು ಅವನೇ ಹೊರಲಿ, ಸುಸ್ತಾದರೂ ನೀವು ಕೂಡಲೇ ಇಸಿದುಕೊಳ್ಳಬೇಡಿ, ಮೊದಲು ನೀರು ಕುಡಿಸಿ ಭಾರ ಇಳಿಸಿ. ಹೊರಡುವ ಮುಂಚೆ ಆ ಜಾಗಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕ್ಕಿಂಗ್ ಬೇಕಾ ಅಂತ ನೋಡಿಕೊಳ್ಳಿ.

ವಿಜಯನಗರ_ಅಪ್ಪ
ನಾನೂ ಮಗನ ಬೆನ್ನು ಅಳೆದೆ. 13 ವರ್ಷ, 43 ಸೆಂ.ಮೀ. ಅವನಿಗೆ ಮಕ್ಕಳ ಬ್ಯಾಗ್ ಬೇಕಾ, ದೊಡ್ಡವರದು ಆಗುತ್ತದಾ?

ಚಾರಣಿಗ_ಬಸವನಗುಡಿ
43 ಆದರೆ ದೊಡ್ಡವರ ಚಿಕ್ಕ ಸೈಜು ಹಾಕಿ ನೋಡಬಹುದು ಸರ್. ಆದರೆ ಸೊಂಟದ ಬೆಲ್ಟ್ ಪೂರ್ತಿ ಬಿಗಿದಾಗ ಹಿಡಿಯುತ್ತದಾ ಅಂತ ಮೊದಲು ನೋಡಿ, ಈ ವಯಸ್ಸಿನಲ್ಲಿ ಹುಡುಗರು ಉದ್ದ ಆಗುತ್ತಾರೆ, ನಡು ತೆಳ್ಳಗೇ ಇರುತ್ತದೆ. 40 ಲೀಟರ್ ಒಳಗೇ ಇರಲಿ. ಅಕ್ಕಿ ಪ್ಯಾಕೆಟ್ ಮರೆಯಬೇಡಿ.

ವಿಜಯನಗರ_ಅಪ್ಪ
ಆಯಿತು. ಭಾನುವಾರ ಕರೆದುಕೊಂಡು ಹೋಗುತ್ತೇನೆ.